ಬಾಯಿ ತಿರುಗಿದ ಶಂಖ

"ಕನ್ನಡಿಯಲ್ಲಿ ನೋಡ್ಕೊಂಡು ಕೆತ್ತಪ್ಪಾ, ಯೋಬ್ಸ್ಟ್. ಇದ್ದ ಹಾಗೇ ತಾಮ್ರದ ತಗಡಿಗಿಳಿಸಿದ್ರೆ, ಹಾಳೆಗೆ ಒತ್ತಿದ ಅಚ್ಚಲ್ಲಿ ಶಂಖದ ಬಾಯಿ ಎಡಕ್ಕೆ ಹೋಗುತ್ತೆ. ನಿನಗಿಂತ ಹಿಂದೆ ಕೆತ್ತಿದವನು ಹಾಗೆ ಮಾಡಿದ್ದಕ್ಕೆ ಊರೆಲ್ಲ ನಮ್ಮೆಜಮಾನ್ರನ್ನ ನೋಡಿ ನಕ್ತು. ಸಾಯೋವಾಗ ಶಂಖದ ಮೇಲೆ ಕೈಯಿಟ್ಟು ಶಾಪ ಹಾಕಿದ್ರು, ಇದನ್ನ ತಿರುಗಿಸಿದವನು ತಾನೂ ತಿರುಗಲಿ ಅಂತ."

ಶಂಖ ಕೂಡಿಡುತ್ತಿದ್ದವನ ವಿಧವೆ ಬಾರ್ಬೆಲ್ ಹೇಳಿ ಮುಗಿಸುತ್ತಲೇ ಕೆತ್ತನೆಗಾರ ಯೋಬ್ಸ್ಟ್ ನಕ್ಕುಬಿಟ್ಟ. ನ್ಯೂರೆಂಬರ್ಗ್ ಬಿಟ್ಟು ಔಗ್ಸ್‌ಬರ್ಗ್‌ಗೆ ಬಂದು ತಿಂಗಳಾಗಿರಲಿಲ್ಲ. ಹಕ್ಕಿ, ಹುಳು, ಹಾವು ಕೆತ್ತುವುದರಲ್ಲಿ ತನಗೆ ಸಮನಿಲ್ಲವೆಂಬ ಜಂಬ ಬೇರೆ.

"ಸತ್ತೋರು ಮೂಗು ತೂರಿಸೋಕೆ ಇದೇನು ಬಿಯರ್ ಅಂಗಡಿನಾ, ಅಜ್ಜಿ?"

ಕನ್ನಡಿ ಹಿಡಿದು ಕೂತರೆ ಕೆಲಸ ಎರಡರಷ್ಟು. ಸೋಮಾರಿ, ಶಂಖವನ್ನು ಎದುರಿಗಿಟ್ಟು ನೇರವಾಗಿಯೇ ಕೆತ್ತಿದ. ಗೆರೆಯನ್ನು ಆಳಕ್ಕಿಳಿಸುವ ಆಮ್ಲದ ಹೊಗೆ ಗಂಟಲು ಸುಟ್ಟಿತು. ಅಗಸೆ ಎಣ್ಣೆಯ ಮಸಿ ಕೊಠಡಿಯಲ್ಲೆಲ್ಲ ನಾರಿತು. ಮೊದಲ ಅಚ್ಚು ಎತ್ತಿದಾಗ ಶಂಖದ ಬಾಯಿ ಎಡಕ್ಕಿತ್ತು. ಹಾಳೆಯೊಳಗೆ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ನಡುಮಧ್ಯಾಹ್ನವೇ ಕಿಟಕಿ ಕಪ್ಪಾಯಿತು.

ಬಲಗೈ ಜೋಮು ಹಿಡಿಯಿತು. ಎಡಗೈ ತಾನಾಗಿ ಉಳಿ ಎತ್ತಿಕೊಂಡಿತು. ಎದೆ ಮುಟ್ಟಿ ನೋಡಿಕೊಂಡ. ಗುಂಡಿಗೆ ಬಲಗಡೆ ಬಡಿಯುತ್ತಿತ್ತು.

ಅಚ್ಚುಗಳಿಗೆ ಬಣ್ಣ ತುಂಬುವ ಹೆಂಡತಿ ಒಟೀಲಿಯಾ ದೀಪ ಹಿಡಿದು ಬಂದಳು. ಎಡ ಬಲ ತಪ್ಪಿದರೆ ಥಟ್ಟನೆ ಹಿಡಿಯುವ ಕಣ್ಣು ಅವಳದು. ಅವನ ಮುಖ ನೋಡಿ ಹಿಂದೆ ಸರಿದಳು.

"ನಮ್ಮೋರ ಗಾಯದ ಕಲೆ ಎಡಗೆನ್ನೆ ಮೇಲಿತ್ತು. ಯಾರೋ ನೀನು?"

"ನಾನೇ ಕಣೇ!"

"ಹತ್ರ ಬಂದ್ರೆ ಕೂಗ್ತೀನಿ!"

ಹೊರಗೋಡಿ ಬಾಗಿಲೆಳೆದುಕೊಂಡಳು. ಅವನಿಗೀಗ ಶಂಖವೂ ಬೇಡ, ಹೆಸರೂ ಬೇಡ, ಅವಳೊಬ್ಬಳು ಸಾಕಿತ್ತು. ತಿರುಗಿದ್ದನ್ನು ಮತ್ತೆ ತಿರುಗಿಸುವ ದಾರಿ ಅಚ್ಚಿನವರಿಗೆಲ್ಲ ಗೊತ್ತು: ಮಸಿ ಆರುವ ಮೊದಲೇ ಅಚ್ಚಿನ ಮೇಲೆ ಖಾಲಿ ಹಾಳೆಯಿಟ್ಟು ಒತ್ತಬೇಕು. ಇಟ್ಟ. ಅಚ್ಚುಯಂತ್ರದ ಚಕ್ರ ತಿರುಗಿಸಿದ. ಉರುಳೆ ನರಳಿತು. ತಾನೇ ಅದರಡಿ ಸಿಕ್ಕಂತೆ ಅವನ ಪಕ್ಕೆಲುಬು ಲಟಕ್ಕೆಂದಿತು. ಉಸಿರು ನಿಂತಿತು. ಬಿಡಲಿಲ್ಲ. ಇನ್ನೊಂದು ಸುತ್ತು. ಹಾಳೆ ಎತ್ತಿದ. ಬಾಯಿ ಬಲಕ್ಕೆ!

ಗುಂಡಿಗೆ ಎಡಕ್ಕೆ, ಗಾಯದ ಕಲೆ ಎಡಗೆನ್ನೆಗೆ ಮರಳಿತ್ತು. ಬಾಗಿಲ ಸಂದಿಯಿಂದ ಇಣುಕಿದ ಒಟೀಲಿಯಾ ಓಡಿ ಬಂದು ತಬ್ಬಿಕೊಂಡಳು.

"ನೀವೇ! ದೇವ್ರೇ, ನೀವೇ!"

ಅಚ್ಚಿನಿಂದ ತೆಗೆದ ಅಚ್ಚು ಯಾವತ್ತೂ ಮಾಸಲು. ಅರ್ಧ ಮಸಿ ಮೊದಲ ಹಾಳೆಯಲ್ಲೇ ಉಳಿದುಬಿಡುತ್ತದೆ. ಅವಳ ಕಣ್ಣೀರು ತನ್ನ ಕೈಮೇಲೆ ಬೀಳುವುದನ್ನು ಯೋಬ್ಸ್ಟ್ ನೋಡಿದ. ಬಿಸಿಯೋ ತಣ್ಣಗೋ, ತಿಳಿಯಲಿಲ್ಲ. ಇವಳು ತನಗೆ ಯಾಕೆ ಅಷ್ಟು ಬೇಕಾಗಿದ್ದಳೆಂದು ಯೋಚಿಸಿದ. ಎಲ್ಲ ನೆನಪಾಯಿತು. ಏನೂ ಅನಿಸಲಿಲ್ಲ.