ಬಾತುಗಳ ಶ್ರಾವಣ

ಹೇಳಿಬಿಡಲೇ? ಒಂದೇ ಒಂದು ಮಾತು ಹೇಳಿದರೆ ಪಕ್ಕದ ಮನೆಯ ಗೋದುಬಾಯಿಯ ಮೇಲಿನ ಅಪವಾದ ಅರ್ಧ ತೊಳೆದುಹೋಗುತ್ತಿತ್ತು. ಆದರೆ ಆ ಮಾತನ್ನು ಅಡಿವೆಯ್ಯನವರ ಎದುರಿಗೇ ಹೇಳಬೇಕಿತ್ತು. ನಾನು ಅವರ ಪಡಸಾಲೆಯಲ್ಲಿ ಮಲಗುತ್ತಿದ್ದವನು, ಅವರ ಕೈಯಡುಗೆ ಉಣ್ಣುತ್ತಿದ್ದವನು. ಅಷ್ಟರಲ್ಲಿ ಮಾಲವ್ವ ಸೆರಗಿನ ಗಂಟು ಬಿಚ್ಚಿ ಮೊಟ್ಟೆಯ ಸಿಪ್ಪೆಯ ಚೂರುಗಳನ್ನು ಕಟ್ಟೆಯ ಮೇಲೆ ಸುರಿದಳು.

"ನೋಡ್ರಿ ಅಯ್ನಾರ, ಗೋದುಬಾಯಿ ಹಿತ್ತಲದಾಗ ಸಿಕ್ಕಾವು. ಆರು ಬಾತು, ದಿನಾ ಐದು ಮೊಟ್ಟಿ ಇಡ್ತಿದ್ದುವು. ಈಗ ನಾಕು ದಿನಾ ಆತು, ಒಂದೂ ಇಲ್ಲ. ಮೂರು ವರ್ಷದ ನೆರಿಮನಿ ಅಂತ ಸುಮ್ಮನಿದ್ದೆ."

ಅಡಿವೆಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. "ಆ ಪದಾರ್ಥ ಅಲ್ಲೇ ಇರಲಿ ಅವ್ವಾ, ದೂರದಿಂದನs ಕಾಣಸ್ತೈತಿ."

ಅದು ಅರವತ್ತೆರಡನೆಯ ಇಸವಿಯ ಶ್ರಾವಣ. ದಾಂಡೇಲಿಯ ಕಾಗದದ ಮಿಲ್ಲಿನ ಗೇಟಿನಲ್ಲಿ ಅಡಿವೆಯ್ಯನವರು ಟೈಮ್‌ಕೀಪರ್, ನಾನು ಒಳಗಿನ ಆಫೀಸಿನಲ್ಲಿ ಗುಮಾಸ್ತ. ಅವರು ಜಂಗಮರು. ಲಿಂಗಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ, ಮೊಟ್ಟೆ ಎಂಬ ಶಬ್ದವನ್ನೂ ಆಡುತ್ತಿರಲಿಲ್ಲ. ಆದರೆ ನಮ್ಮ ಕ್ವಾರ್ಟರ್ಸಿನಲ್ಲಿ ಕೊಡ ಕಳೆದರೂ, ಹೆಸರಿಲ್ಲದ ಚೀಟಿ ಬಂದರೂ ಜನ ಓಡಿಬರುತ್ತಿದ್ದುದು ಅವರ ಕಟ್ಟೆಗೇ.

ಮೊದಲು ಹೋದದ್ದು ಗೋದುಬಾಯಿಯ ಹಿತ್ತಲಿಗೆ. ಆಕೆ ದಾಸವಾಳದ ಗಿಡದ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಸಿಪ್ಪಿ ಇಲ್ಲೀವ ಖರೆ ಅಯ್ನಾರ. ಬಾತಿನವಲ್ಲ. ಯಾರು ತಿಂದ್ರು, ಯಾಕ ತಿಂದ್ರು ಅಂತ ಕೇಳಬ್ಯಾಡ್ರಿ, ನಾ ಹೇಳೂದಿಲ್ಲ. ಆದರ ಅಮಾಸಿಯೊಳಗ ಕಳ್ಳಿ ಅನ್ನೂ ಹೆಸರು ಹೋಗಲಿಲ್ಲಂದ್ರ ಗಂಟುಮೂಟಿ ಕಟ್ಟಿ ಖಾನಾಪುರಕ್ಕ ಹೋಗತೇನಿ. ಈ ಸಾಲಿನ್ಯಾಗ ಮತ್ತ ಮುಖಾ ತೋರಿಸೂದಿಲ್ಲ."

ಹೇಳುವಾಗ ಆಕೆ ನನ್ನತ್ತ ನೋಡಲಿಲ್ಲ. ನೋಡದಿರಲು ಎಷ್ಟು ಕಷ್ಟಪಟ್ಟಳೆಂಬುದು ನನಗೆ ಕಂಡಿತು.

ಅಡಿವೆಯ್ಯನವರು ಕಡ್ಡಿಯೊಂದರಿಂದ ಗಿಡದ ಬುಡ ಕೆದರಿದರು. ಮಣ್ಣಿನಲ್ಲಿ ಮಡಿಚಿದ ಸಣ್ಣ ಕಾಗದದ ಪೊಟ್ಟಣವಿತ್ತು. ಬಿಡಿಸಿ ಓದಿದರು, ಜೇಬಿಗಿಟ್ಟುಕೊಂಡರು. ನಾನು ಬೇರೆಡೆ ನೋಡಿದೆ.

ಮಾಲವ್ವನ ಬಾತುಗೂಡಿಗೆ ಬೀಗ, ಕೀಲಿ ಆಕೆಯ ಸೊಂಟದಲ್ಲಿ. ಕಳ್ಳರ ಹೆಜ್ಜೆ ಮೂಡಲೆಂದು ಆಕೆ ಚಪ್ಪರದ ಕೆಳಗೆ ಬಾಗಿಲಿನ ಸುತ್ತ ಬೂದಿ ಚೆಲ್ಲಿದ್ದಳು. ಅದರ ಮೇಲೆ ಅವಳದೇ ಹೆಜ್ಜೆ. ಮೇವಿನ ದೋಣಿಯಲ್ಲಿ ಅಕ್ಕಿತೌಡು, ನೆನೆಸಿದ ರೊಟ್ಟಿಚೂರು. ಬಾತುಗಳು ಗೂಡಿನ ಸಂದಿಯಿಂದ ಕತ್ತು ಹೊರಹಾಕಿ ಗಟಾರದ ಕಡೆಗೆ ನೋಡುತ್ತಿದ್ದವು.

"ಕಡೀ ಮೊಟ್ಟಿ ಹೆಂಗಿತ್ತವ್ವಾ?" ಅಡಿವೆಯ್ಯನವರು ಮೊದಲ ಸಲ ಆ ಶಬ್ದ ಆಡಿದರು.

"ಅದೂ ವಿಚಿತ್ರರೀ. ಮ್ಯಾಲ ಸಿಪ್ಪಿನs ಇಲ್ಲ, ಬರೇ ತೊಗಲು. ಗೋದುಬಾಯಿ ಕಣ್ಣು ಹಾಕ್ಯಾಳ."

"ಬಾತುಗಳನ್ನ ಹೊರಗ ಬಿಡೂದಿಲ್ಲೇನು?"

"ಶ್ರಾವಣ ಮುಗೀಲಿರಿ. ಈ ತಿಂಗಳು ನಮ್ಮ ಮನ್ಯಾಗ ಯಾವ ಬಾಯಿನೂ ಮೀನು-ಮಾಂಸಾ ಮುಟ್ಟೂದಿಲ್ಲ. ಮೀನು ಹೆಚ್ಚೂ ಇಳಿಗೀಮಣಿ ಸುದ್ದಾ ತೊಳದು ಅಟ್ಟಕ್ಕ ಹಾಕೇನಿ."

ಅಡಿವೆಯ್ಯನವರ ಮೀಸೆಯ ತುದಿ ಅಲ್ಲಾಡಿತು. "ಇದರಾಗ ಎರಡು ಬಾತು ನನಗ ಕೊಡು. ಅಮಾಸಿ ದಿನಾ ತಿರುಗಿ ಕೊಡತೇನಿ. ಉಳಿದ ನಾಕು ಹಿಂಗs ಇರಲಿ, ಬೀಗಾ ಹಾಕಿದಂಗs."

ಹಣೆತುಂಬ ವಿಭೂತಿಯ ಜಂಗಮರು ಕಂಕುಳಲ್ಲಿ ಒಂದೊಂದು ಬಾತು ಇರುಕಿಕೊಂಡು ಹಾಡಹಗಲೇ ನಡೆದದ್ದನ್ನು ನೋಡಲು ಇಡೀ ಸಾಲು ಬಾಗಿಲಿಗೆ ಬಂದಿತು. "ಅಯ್ನಾರ, ಭಿಕ್ಷಾ ಜೋರ ಬಂದೈತಿ!" ಎಂದು ಮುದಿ ಮುದಕವ್ವ ಕೂಗಿದಳು. ಅವರು ಅವನ್ನು ಬೆಳಿಗ್ಗೆ ಎಂಟರ ಮೇಲೆ ನಮ್ಮ ಹಿಂದಿನ ಗಟಾರಕ್ಕೆ ಬಿಡುತ್ತಿದ್ದರು. ಬಾತುಗಳು ನೀರಿಗೆ ತಲೆ ಹಾಕಿದೊಡನೆ ಇವರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. "ಅವು ಏನು ತಿಂತಾವ ಅಂತ ನಾ ನೋಡಂಗಿಲ್ಲ. ನೀ ನೋಡಿ ಬರಕೋ, ಈಶಪ್ಪ." ನಾನು ಬರೆದುಕೊಂಡೆ: ಬಸವನಹುಳು, ಎರೆಹುಳು, ಗೊದಮೊಟ್ಟೆ.

ಅಮಾವಾಸ್ಯೆಯ ದಿನ ಮಾಲವ್ವನ ಅಂಗಳದಲ್ಲಿ ಸಾಲಿನವರೆಲ್ಲ ಸೇರಿದರು. ಗೋದುಬಾಯಿ ದೂರದಲ್ಲಿ, ಕಟ್ಟಿದ ಗಂಟಿನ ಮೇಲೆ ಕೂತಿದ್ದಳು. ಅಡಿವೆಯ್ಯನವರು ನನಗೆ ಸನ್ನೆ ಮಾಡಿದರು. ನಾನು ಬುಟ್ಟಿಯ ಮೇಲಿನ ಬಟ್ಟೆ ತೆಗೆದೆ. ಒಳಗೆ ಐದು ದೊಡ್ಡ ಮೊಟ್ಟೆಗಳು, ತಿಳಿ ಹಸಿರು ಛಾಯೆಯವು.

"ಇವು ನನ್ನ ಕಡೆ ಇದ್ದ ಎರಡು ಬಾತು ಈ ಮೂರು ದಿನದಾಗ ಇಟ್ಟದ್ದು. ಮಾಲವ್ವಾ, ನಿನ್ನ ನಾಕು ಎಷ್ಟು ಇಟ್ಟಾವು?"

"ಒಂದೂ ಇಲ್ಲರಿ."

"ಗೋದುಬಾಯಿ ಎರಡೂ ಮನಿಗೆ ನೆರಿನ. ಕಳವು ಮಾಡಾಕಿ ನನ್ನ ಹಿತ್ತಲಾ ಯಾಕ ಬಿಟ್ಟಳು?" ಎಂದು ಅವರು ಸುತ್ತ ನೋಡಿದರು. "ಬೀಗ ಮುರದಿಲ್ಲ, ಬೂದಿ ಮ್ಯಾಲ ಪರರ ಹೆಜ್ಜಿ ಇಲ್ಲ. ಆದರ ನನಗ ದಾರಿ ತೋರಿಸಿದ್ದು ಆ ತೊಗಲುಮೊಟ್ಟಿ. ಕಳ್ಳ ಬಂದ್ರ ಮೊಟ್ಟಿ ಒಯ್ತಾನ, ಸಿಪ್ಪಿ ತೆಳ್ಳಗ ಮಾಡಿ ಹೋಗೂದಿಲ್ಲ. ಅಂದ್ರ ಕೊರತಿ ಇದ್ದದ್ದು ಬಾತಿನ ಹೊಟ್ಟ್ಯಾಗ. ಇನ್ನ ಸಿಪ್ಪಿ ಚೂರು ನೋಡ್ರಿ, ಸಣ್ಣವು, ಕಂದುಬಣ್ಣ. ಕೋಳೀವು."

"ಮತ್ತ ನನ್ನ ಬಾತಿಗೆ ಏನ ಕಡಿಮಿ ಮಾಡೇನಿ? ಹೊಟ್ಟಿತುಂಬ ತೌಡು ಹಾಕೇನಿ!"

"ನಾನು ಟೈಮ್‌ಕೀಪರ್ ಅವ್ವಾ. ಡ್ಯೂಟಿಗೆ ಹೋಗುವಾಗ ದಿನಾ ನೋಡ್ತಿದ್ದೆ, ನಿನ್ನ ಆರೂ ಬಾತು ಗಟಾರದಾಗ ತೆಲಿ ಕೆಳಗ ಮಾಡಿ ಹಾಜರ್. ಶ್ರಾವಣದ ಮೊದಲನೇ ದಿನದಿಂದ ಗೈರುಹಾಜರ್. ಬರೇ ತೌಡು, ರೊಟ್ಟಿ ಮ್ಯಾಲ ಮೊಟ್ಟಿ ಆಗೂದಿಲ್ಲ. ಮೀನಿನ ತೆಲಿ ಬೇಕು, ಹುಳಾ ಬೇಕು, ಸಿಪ್ಪಿ ಗಟ್ಟಿ ಆಗಾಕ ಬಸವನಹುಳದ ಚಿಪ್ಪು ಬೇಕು, ಮುಳುಗಾಕ ನೀರು ಬೇಕು. 'ಯಾವ ಬಾಯಿನೂ ಮುಟ್ಟೂದಿಲ್ಲ' ಅಂದಿ. ನೀನು ಕೊಕ್ಕೂ ಎಣಿಸಿದ್ದಿ! ಬಾತುಗಳಿಗೆ ಶ್ರಾವಣ ಹಿಡಿಸೀದಿ. ಅವಕ್ಕ ದೀಕ್ಷಾ ಕೊಟ್ಟ ಅಯ್ನಾರು ಯಾರು? ನಾ ಅಂತೂ ಅಲ್ಲ."

ಮೊದಲು ನಕ್ಕವಳು ಮುದಕವ್ವ. ಆಮೇಲೆ ಇಡೀ ಅಂಗಳ ನಕ್ಕಿತು. ಮಾಲವ್ವ ಮಾತ್ರ ನಗಲಿಲ್ಲ. ನೇರ ಹೋಗಿ ಗೋದುಬಾಯಿಯ ಕೈ ಹಿಡಿದಳು.

"ಬಾಯಾರ, ನನ್ನ ಬಾಯಿಗೆ ಬೀಗಾ ಹಾಕೋಬೇಕಿತ್ತು. ಗೂಡಿಗೆ ಹಾಕಿದೆ. ತಪ್ಪಾತು."

ಗೋದುಬಾಯಿ ಮೂಗು ಒರೆಸಿಕೊಂಡು ತನ್ನ ಮರಾಠಿ ಧಾಟಿಯಲ್ಲಿ ಅಂದಳು: "ಅಗ ಬಾಯಿ, ಆ ಕೀಲಿ ನನ್ನ ಕಡೆ ಕೊಡು. ಮುಂದಿನ ಶ್ರಾವಣಕ್ಕ ಬೇಕಾಗ್ತೈತಿ." ಎದ್ದು ತಾನು ಕೂತಿದ್ದ ಗಂಟಿನ ಕಟ್ಟು ಬಿಚ್ಚತೊಡಗಿದಳು.

"ಎಲ್ಲಾ ಖರೆ," ಎಂದಳು ಮುದಕವ್ವ, "ಆದರ ಶ್ರಾವಣದಾಗ ಕೋಳಿಮೊಟ್ಟಿ ತಿಂದವರು ಯಾರು?"

ಗೋದುಬಾಯಿಯ ಕೈ ಗಂಟಿನ ಮೇಲೆ ನಿಂತಿತು. ನಾನು ಎದ್ದು ನಿಂತೆ.

"ಎದ್ದೀದಿ ಅಂದ್ರ, ಈಶಪ್ಪ," ಎಂದರು ಅಡಿವೆಯ್ಯನವರು ನನ್ನ ಮುಖ ನೋಡದೆ, "ಆ ಗೂಡಿನ ಬಾಗಲಾ ತಗಿ. ಅವುಗಳ ವ್ರತಾ ಇವತ್ತಿಗೆ ಮುಗೀತು."

ಬಾಗಿಲು ತೆಗೆದೆ. ನಾಲ್ಕು ಬಾತುಗಳು ಬಾಲ ಕುಣಿಸುತ್ತ, ಒಂದರ ಮೇಲೊಂದು ಬೀಳುತ್ತ, ಕಿರುಚುತ್ತ, ಮುದಕವ್ವನ ಕಾಲ ಸಂದಿಯಲ್ಲೇ ಹಾದು ಗಟಾರಕ್ಕೆ ಬಿದ್ದವು. "ಏ ಹಿಡೀರಿ! ಏ ಬಿಡ್ರಿ!" ಆ ಗದ್ದಲದಲ್ಲಿ ಪ್ರಶ್ನೆ ಎಲ್ಲಿ ಹೋಯಿತೋ, ಯಾರೂ ಹುಡುಕಲಿಲ್ಲ.

ಅದರ ಹಿಂದಿನ ಆಷಾಢದಲ್ಲಿ ನನಗೆ ಮಲೇರಿಯಾ ಬಂದು ಕಾಲಲ್ಲಿ ಶಕ್ತಿಯಿರಲಿಲ್ಲ. ದಿನಕ್ಕೊಂದು ಮೊಟ್ಟೆ ತಿನ್ನು ಎಂದಿದ್ದರು ಡಾಕ್ಟರು. ಜಂಗಮರ ಮನೆಯಲ್ಲಿ ಅದನ್ನು ಹೇಗೆ ಕೇಳಲಿ? ಗೋದುಬಾಯಿ ತನ್ನ ವ್ರತದ ನಡುವೆಯೂ ಸಂತೆಯ ಕೋಳಿಮೊಟ್ಟೆ ಬೇಯಿಸಿ, ದಾಸವಾಳದ ಮರೆಯಲ್ಲಿ ನಿಲ್ಲಿಸಿ ತಿನ್ನಿಸಿದ್ದಳು. ಉಪ್ಪನ್ನು ನಾನೇ ಒಯ್ಯುತ್ತಿದ್ದೆ.

ಆ ಅಮಾವಾಸ್ಯೆಯ ಸಂಜೆ ನನ್ನ ಹಾಸಿಗೆಯ ಮೇಲೆ ಆ ಪೊಟ್ಟಣದ ಕಾಗದ ಇತ್ತು. ತಡವಾಗಿ ಬಂದವರಿಗೆ ಗೇಟಿನಲ್ಲಿ ಕೊಡುವ ಚೀಟಿ ಅದು. ನನ್ನ ಟೋಕನ್ ನಂಬರು, ಅಡಿವೆಯ್ಯನವರದೇ ಅಕ್ಷರ, ಮಡಿಕೆಯಲ್ಲಿ ಇನ್ನೂ ನಾಲ್ಕು ಹರಳು ಉಪ್ಪು. ಅಡುಗೆಮನೆಯಿಂದ ಅವರು ಕೂಗಿದರು: "ನಾಳಿಂದ ಮುಂಜಾನಿ ನಾಷ್ಟಾ ಗೋದುಬಾಯಿ ಮನ್ಯಾಗ ಮಾಡು. ನನಗ ಪೂಜಾ ತಡಾ ಆಗ್ತೈತಿ."

ಆಮೇಲೆ ಹನ್ನೊಂದು ವರ್ಷ ನಾವು ಒಂದೇ ಸೂರಿನಡಿ ಇದ್ದೆವು. ಮೊಟ್ಟೆ ತಿಂದವನು ನಾನು ಎಂದು ಅವರಿಗೆ ನಾನು ಎಂದೂ ಹೇಳಲಿಲ್ಲ.