ಪಾಳು ಎಂದು ಗುರುತಿಸಿದ ಮನೆ

ಕುಡಿಯುವ ನೀರಿನ ಪೈಪಿನ ನಕ್ಷೆಗಾಗಿ ಪ್ರತಿ ಮನೆಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಗುರುತು ಹಾಕುವುದು ನನ್ನ ಕೆಲಸ. ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ, ಗುಡ್ಡದಾಚೆಯ ಒಂಟಿ ಮನೆಗೆ ನಾನು ಹೋಗಲಿಲ್ಲ. ಬಿಸಿಲಿತ್ತು. ಟೀ ಅಂಗಡಿಯಲ್ಲೇ ಕೂತು, ಉಪಗ್ರಹದ ಚಿತ್ರ ನೋಡಿ ‘ಪಾಳು’ ಎಂದು ಒತ್ತಿದೆ. ಪೈಪು ಗುಡ್ಡದ ಈಚೆಗೇ ನಿಂತಿತು.

ಅಲ್ಲಿ ಜನ ಇದ್ದಾರೆಂದು ತಿಳಿದು, ತಿಂಗಳಾದ ಮೇಲೆ ತಿದ್ದಲು ಹೋದೆ. ನಡುಮಧ್ಯಾಹ್ನದಲ್ಲೂ ಮನೆಯೊಳಗಿನ ನೆಲ ತಣ್ಣಗೆ ಕೊರೆಯುತ್ತಿತ್ತು. ಚಿಕ್ಕಹನುಮಕ್ಕ ಎಂಬ ಮುದುಕಿ ಚೊಂಬು ಚಾಚಿದಳು.

“ಹೋದ ತಿಂಗ್ಳು ನೀನು ಬಂದು ಇಲ್ಲೇ ಕುಂತಿದ್ದೆ, ನೀರು ಕೊಟ್ರೆ ಮುಟ್ನಿಲ್ಲ. ನಮ್ಮನೆ ನೀರು ಆಗಾಕಿಲ್ವೇನಪ್ಪ? ನಲ್ಲಿ ಯಾವಾಗ ಬತ್ತದೆ?”

ನಾನು ಬಂದೇ ಇರಲಿಲ್ಲ ಎನ್ನಲು ನಾಚಿಕೆಯಾಯಿತು. ಕುಡಿದೆ. ‘ವಾಸವಿದೆ’ ಎಂದು ತಿದ್ದಿದೆ.

ನಾವು ನಡೆದ ದಾರಿ ಮೊಬೈಲಿನಲ್ಲಿ ತಾನಾಗಿ ಗೆರೆಯಾಗಿ ದಾಖಲಾಗುತ್ತದೆ. ಟೀ ಅಂಗಡಿಯಲ್ಲಿ ಕೂತಿದ್ದ ಆ ಮೊದಲ ದಿನದ್ದನ್ನು ತೆಗೆದು ನೋಡಿದೆ. ಗೆರೆ ಗುಡ್ಡ ಹತ್ತಿ ಅವಳ ಹೊಸಿಲವರೆಗೆ ಹೋಗಿದೆ. ವಾಪಸ್ಸು ಬಂದಿಲ್ಲ.