ಒಂದು ಬೆರಳಿನ ಪಾಠ

ಟೆಸ್ಟ್ ಮೈದಾನದ ಕಂಬಕ್ಕೆ ಮೂತಿ ಒತ್ತಿಕೊಂಡು ನಿಂತಿತ್ತು ಕಾರು. ಒಳಗೆ ಅತ್ತಿಗೆ ಸ್ಟೀರಿಂಗ್ ಬಿಡದೆ ಕೂತಿದ್ದರು.

"ನಾನು ಜಾಸ್ತಿ ಒತ್ತಲಿಲ್ಲ... ಅದಾಗೇ ಎಗರಿತು."

ಪರೀಕ್ಷೆಯ ಅಧಿಕಾರಿ ಕಾಗದದ ಮೇಲೆ ಅಡ್ಡಗೆರೆ ಎಳೆದ. ಮೂರನೇ ಸಲ ಫೇಲು! "ಗಾಡಿಯದೇ ತಪ್ಪು ಅಂತ ನಾಲ್ಕೂವರೆಯೊಳಗೆ ತೋರಿಸಿದ್ರೆ ಇನ್ನೊಂದು ಸಲ ನೋಡೋಣ," ಎಂದ. ಆ ಮಾತಿನಲ್ಲಿ ಅವನಿಗೇ ನಂಬಿಕೆಯಿದ್ದಂತಿರಲಿಲ್ಲ.

ಡ್ರೈವಿಂಗ್ ಕಲಿಸುವ ಟೀಚರಿಗೆ ಮೈಯೆಲ್ಲ ಉರಿಯಿತು. ಬೇರೆ ಯಾರೋ ಆಗಿದ್ದರೆ ಸಮಾಧಾನ ಹೇಳುತ್ತಿದ್ದಳೇನೋ. ಇವರು ಸ್ವಂತ ಅಣ್ಣನ ಹೆಂಡತಿ. ಬೇಕರಿಯ ವ್ಯಾನ್ ಓಡಿಸುತ್ತಿದ್ದ ಅಣ್ಣನ ಕಣ್ಣು ಹೋಗಿ ನಾಲ್ಕು ತಿಂಗಳು. ಹೆಂಡತಿ ಲೈಸೆನ್ಸ್ ತಂದರೆ ಆ ಕೆಲಸ ಆಕೆಗೇ ಎಂದು ಬೇಕರಿ ಯಜಮಾನ ಮಾತು ಕೊಟ್ಟಿದ್ದ, ಅಲ್ಲಿಯವರೆಗೆ ತಾನೇ ವ್ಯಾನ್ ಓಡಿಸುತ್ತಿದ್ದ. ಆ ಮಾತಿನ ಗಡುವು ಇವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು.

"ಸಾಕು ಅತ್ತಿಗೆ! ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ. ಬಿಟ್ಟುಬಿಡಿ."

ಅತ್ತಿಗೆ ಇಳಿದು ಬಸ್ ಸ್ಟಾಪಿನ ಕಡೆ ನಡೆದರು.

ಮಧ್ಯಾಹ್ನ ಗ್ಯಾರೇಜಿನಲ್ಲಿ ಮೀಟರ್ ಮಾವ ಬಾನೆಟ್ ಎತ್ತಿದ. ಕಾರಿನ ವೈರಿಂಗ್ ಕೆಲಸದಲ್ಲೇ ಕೂದಲು ಹಣ್ಣಾದವನು. ಮುಳ್ಳು ಆಡುವ ತನ್ನ ಹಳೇ ಮೀಟರೊಂದನ್ನು ಬಿಟ್ಟು ಯಾರನ್ನೂ ನಂಬುವ ಪೈಕಿಯವನಲ್ಲ.

"ಪೆಟ್ರೋಲ್?"

"ಯಾವಾಗಲೂ ಹಾಕಿಸೋದೇ."

"ಕೇಬಲ್?"

"ಹೋದ ತಿಂಗಳು ಹೊಸದು. ಶೋರೂಮಿನವರು ಕಂಪ್ಯೂಟರ್ ಹಚ್ಚಿ ನೋಡಿದ್ರು— ಏನೂ ತೋರಿಸಲಿಲ್ಲ. ಥ್ರಾಟಲ್ ಸೆನ್ಸರನ್ನೂ ನೋಡಿದ್ರು. ಪೆಡಲ್ ಪೂರ್ತಿ ಬಿಟ್ಟು ಒಮ್ಮೆ, ಪೂರ್ತಿ ಒತ್ತಿ ಒಮ್ಮೆ. ಎರಡೂ ಸರಿಯಿತ್ತು."

"ಯಾರ್ಯಾರಿಗೆ ಎಗರತ್ತೆ?"

"ಬೇರೆಯವರಿಗೆ ಎಲ್ಲೋ ಅಪರೂಪಕ್ಕೆ. ಅತ್ತಿಗೆಗೆ ದಿನಾ!"

"ನಿಮಗೆ?"

"ಇಲ್ಲವೇ ಇಲ್ಲ. ಇನ್ನೇನು ಮಾವ, ಅವರ ಕಾಲಿನದೇ ತಪ್ಪು ತಾನೇ?"

"ತಡೀರಿ ಟೀಚರಮ್ಮ, ಅಷ್ಟು ಬೇಗ ಗಲ್ಲಿಗೇರಿಸಬೇಡಿ. ಪೆಡಲ್ ಒತ್ತೋದನ್ನ ಹೇಗೆ ಕಲಿಸ್ತೀರಿ?"

"ಎಂಟು ವರ್ಷದಿಂದ ಇದೇ ಕಾರಲ್ಲಿ ಎಲ್ಲರಿಗೂ ಒಂದೇ ಪಾಠ. ಒಂದು ಬೆರಳಿನ ದಪ್ಪದಷ್ಟು ಒತ್ತಿ, ಅಲ್ಲೇ ಹಿಡಿದಿರಿ. ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ."

"ನೀವು ಓಡಿಸುವಾಗ?"

ಟೀಚರ್ ತಡವರಿಸಿದಳು. "ಅದು... ಕಲಿಯೋರಿಗೆ ಹೇಳೋದು."

ಮಾವ 'ಹ್ಞೂಂ' ಎಂದ. ಸೆನ್ಸರಿನ ವೈರಿಗೆ ಮೀಟರ್ ಸಿಕ್ಕಿಸಿ, ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದ.

"ಈಗ ಕೂತು ಒತ್ತಿ. ನಿಧಾನ... ಕೂದಲೆಳೆಯಷ್ಟು... ಇನ್ನೂ ನಿಧಾನ..."

ಮುಳ್ಳು ಮೆಲ್ಲಗೆ ಮೇಲೇರಿತು. ಏರುತ್ತಾ, ಏರುತ್ತಾ— ಧೊಪ್ಪನೆ ಸೊನ್ನೆಗೆ ಬಿತ್ತು!

"ಅಲ್ಲೇ ನಿಲ್ಲಿಸಿ!"

ಅವನು ಬಗ್ಗಿ ಪೆಡಲ್ ನೋಡಿದ. ಎಷ್ಟು ಇಳಿದಿದೆ? ಸರಿಯಾಗಿ ಒಂದು ಬೆರಳು.

"ಇನ್ನು ಚೂರು ಒತ್ತಿ." ಮುಳ್ಳು ಚಂಗನೆ ಮೇಲಕ್ಕೆ ಹಾರಿತು.

ಮಾವ ಕೈ ಒರೆಸಿಕೊಂಡ. "ನೀವು ಎಷ್ಟು ಒತ್ತಿದ್ದೀರಿ ಅಂತ ಇಂಜಿನ್‌ಗೆ ಸುದ್ದಿ ಮುಟ್ಟಿಸೋದು ಈ ಸೆನ್ಸರ್. ಒಳಗೊಂದು ತೆಳು ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡೋ ಒಂದು ಕಡ್ಡಿ. ಎಂಟು ವರ್ಷ ಎಲ್ಲರೂ ಒಂದೇ ಜಾಗದಲ್ಲಿ ಹಿಡಿದು ಅಲ್ಲಿ ಪಟ್ಟಿ ಸವೆದುಹೋಗಿದೆ. ಕಡ್ಡಿ ಅಲ್ಲಿಗೆ ಬಂದ್ರೆ ಇಂಜಿನ್‌ಗೆ ಸುದ್ದಿಯಿಲ್ಲ, ಮುಗ್ಗರಿಸತ್ತೆ, ದಾಟಿದ್ರೆ ಎಗರತ್ತೆ. ಎರಡು ತುದಿ ಮಾತ್ರ ನೋಡಿದ್ರೆ ಏನು ಸಿಗತ್ತೆ? ಸತ್ತಿರೋದು ನಡುವೆ."

"ಮತ್ತೆ ಬೇರೆಯವರಿಗೆ?"

"ಮೊದಲ ಒಂದೆರಡು ದಿನ ಬಿಟ್ರೆ ಅವರೆಲ್ಲಿ ನಿಮ್ಮ ಮಾತು ಕೇಳ್ತಾರೆ? ಗಡಿಬಿಡಿಲಿ ಒತ್ತಿ ಆ ಜಾಗ ದಾಟಿಹೋಗ್ತಾರೆ, ನಿಮ್ಮ ಹಾಗೇ. ನೀವು ಹೇಳಿದ್ದನ್ನ ಕೊನೇವರೆಗೂ ಚಾಚೂ ತಪ್ಪದೆ ಮಾಡಿದ್ದು ನಿಮ್ಮತ್ತಿಗೆ ಒಬ್ಬರೇ. ಅದಕ್ಕೇ ಮೂರು ಸಲ ಫೇಲು." ಅವನು ಅವಳ ಮುಖ ನೋಡಲಿಲ್ಲ. "ಅಪರಾಧಿ ಯಾರು ಅಂತ ಹೇಳಲೇಬೇಕಾ? ನಿಮ್ಮ ಪಾಠ, ಟೀಚರಮ್ಮ."

ಅವಳು ಕಾರಿನಿಂದ ಇಳಿದಳು. ಅಯ್ಯೋ, ಎಂಥ ಮಾತಾಡಿಬಿಟ್ಟೆ ಬೆಳಗ್ಗೆ! ಗಡಿಯಾರ ನೋಡಿದಳು— ಮೂರೂಕಾಲು. ಸೆನ್ಸರ್ ಬದಲಾಯಿಸೋಕೆ ಅರ್ಧ ಗಂಟೆ ಸಾಕು ಎಂದ ಮಾವ. ಅಧಿಕಾರಿ ಇನ್ನೂ ಇರುತ್ತಾನೆ. ಎಲ್ಲಾ ಆಗತ್ತೆ!

ಅತ್ತಿಗೆಯ ಫೋನ್ ಆಫ್ ಆಗಿತ್ತು. ಅವಳು ಬೇಕರಿಗೆ ಫೋನ್ ಮಾಡಿದಳು.

"ಯಜಮಾನ್ರೇ, ಐದು ಗಂಟೆಯೊಳಗೆ ಅತ್ತಿಗೆ ಲೈಸೆನ್ಸ್ ಟೆಸ್ಟ್ ಪಾಸಾದ ಕಾಗದ ತರ್ತಾರೆ, ತಪ್ಪು ಕಾರಿನದು..."

"ಅಯ್ಯೋ, ತಡ ಆಯ್ತಲ್ಲಮ್ಮ. ನಿಮ್ಮತ್ತಿಗೆ ಹನ್ನೆರಡಕ್ಕೇ ಬಂದು ಬೇರೆಯವರನ್ನ ನೋಡ್ಕೊಳ್ಳಿ ಅಂದ್ರು. ಕೆಲಸ ಕೇಳ್ಕೊಂಡು ಇಲ್ಲೇ ಕೂತಿದ್ದ ಒಬ್ಬ, ಮಕ್ಕಳೊಂದಿಗ, ಅವನಿಗೆ ಕೊಟ್ಟೆ. ವ್ಯಾನ್ ತಗೊಂಡು ಹೋದ. ಇನ್ನು ಹೇಗಮ್ಮ ಕಿತ್ಕೊಳ್ಳಲಿ?"

"ಐದರ ತನಕ ಕಾಯಬಾರದಿತ್ತಾ?"

"ನಾನೂ ಅದೇ ಅಂದೆ. ಸಂಜೆವರೆಗೆ ನೋಡೋಣಮ್ಮ ಅಂತ. ಅವರೇ ಕೇಳಲಿಲ್ಲ. ಟೀಚರ್ ಬಿಟ್ಟುಬಿಡಿ ಅಂದಿದ್ದಾರೆ, ಅವರು ಹೇಳಿದ ಮೇಲೆ ಮುಗೀತು ಅಂದ್ರು."